ಚಟ್ಟಂಬಿ ಟೀಚರು

ಕಳೆದ ತಿಂಗಳು ನನ್ನ ತಮ್ಮನ ಮಗಳು ಶ್ರುತಿ ಗುಂಡ್ಲುಪೇಟೆಯಿಂದ ಬಂದು ನಾಲ್ಕು ದಿನ ವಯನಾಡಿನ ನಮ್ಮ ಮನೆಯಲ್ಲಿದ್ದಳು. ಬಂದ ದಿನ, ಇನ್ನೂ ಚಪ್ಪಲಿ ಬಿಡುವುದರೊಳಗೆ ಒಂದು ಪ್ರಶ್ನೆ ಕೇಳಿದಳು. ಬತ್ತೇರಿಯಲ್ಲಿ ಹತ್ತಿದ ಬಸ್ಸಿನಲ್ಲಿ ಸೀಟಿಗಾಗಿ ಇಬ್ಬರು ಜಗಳವಾಡಿದರಂತೆ. ಕಂಡಕ್ಟರು ನಡುವೆ ಬಂದು ಅವರಲ್ಲೊಬ್ಬನಿಗೆ ಒಂದು ಮಾತು ಅಂದನಂತೆ. ಅಂದದ್ದೇ ತಡ, ಇಡೀ ಬಸ್ಸು ಗಪ್‌ಚುಪ್ಪಾಯಿತಂತೆ. "ಅತ್ತೆ, ಚಟ್ಟಂಬಿ ಅಂದ್ರೆ ಏನು?" ಎಂದು ಕೇಳಿದಳು.

ನಾನು ಮೊರದಲ್ಲಿ ಹೆಸರುಕಾಳು ಹಾಕಿಕೊಂಡು ಕಲ್ಲು ಆರಿಸುತ್ತಿದ್ದೆ. ತಲೆ ಎತ್ತದೆ, ರೌಡಿ ಕಣೇ, ಪುಂಡ ಅಂತಾರಲ್ಲ ಹಾಗೆ, ಅಂದೆ. ಅವಳಿಗೆ ಅಷ್ಟು ಸಾಕಾಯಿತು, ಕೈಕಾಲು ತೊಳೆಯಲು ಹೋದಳು. ನನಗೆ ಸಾಕಾಗಲಿಲ್ಲ. ಒಂದು ಹೆಸರನ್ನು ಹನ್ನೊಂದು ವರ್ಷ ಹೊತ್ತು ಬಾಳಿದವಳು ಅದರ ಅರ್ಥವನ್ನು ಎರಡು ಮಾತಿನಲ್ಲಿ ಮುಗಿಸಿಬಿಟ್ಟೆನಲ್ಲ ಅನ್ನಿಸಿತು. ಹೌದು, ಆ ಹೆಸರು ನನ್ನದಾಗಿತ್ತು. ವಯನಾಡಿನ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ನಾನು ವಾರ್ಡನ್ ಆಗಿದ್ದಾಗ ಮಕ್ಕಳು ನನ್ನನ್ನು ಎದುರಿಗೆ ಪದ್ಮಾ ಟೀಚರ್ ಎಂದೂ ಬೆನ್ನ ಹಿಂದೆ ಚಟ್ಟಂಬಿ ಟೀಚರ್ ಎಂದೂ ಕರೆಯುತ್ತಿದ್ದರು. ಯಾವ ಹಾಸ್ಟೆಲು ಎಂದು ಕೇಳಬೇಡಿ. ಆ ಕಟ್ಟಡ ಈಗ ಇಲ್ಲ. ಅಲ್ಲಿದ್ದ ಮಕ್ಕಳು ಇದ್ದಾರೆ.

ಹೆಸರು ಗೊತ್ತಾದದ್ದು ಬಚ್ಚಲುಮನೆಯ ಬಾಗಿಲ ಹಿಂದೆ. ಯಾರೋ ಮೊಳೆಯಿಂದ ಮಲಯಾಳದಲ್ಲಿ ಕೆತ್ತಿದ್ದರು. ಅಕ್ಷರ ಗುಂಡಗೆ, ಬಹಳ ಚೆಂದವಿತ್ತು. ಅಷ್ಟು ಚೆಂದದ ಅಕ್ಷರ ಯಾರದ್ದು ಎಂದು ಹುಡುಕುತ್ತಾ ನಾನು ಒಂದು ವಾರ ಎಲ್ಲರ ನೋಟ್‌ಬುಕ್ ತಿರುವಿ ಹಾಕಿದೆ. ಸಿಗಲಿಲ್ಲ. ಆ ಹುಡುಕಾಟ ನೋಡಿಯೇ ಹೆಸರು ಇನ್ನೂ ಗಟ್ಟಿಯಾಯಿತು ಎಂದು ಅಡುಗೆಯ ಲೀಲಚೇಚಿ ಆಮೇಲೆ ಹೇಳಿದಳು.

ನನಗೆ ಆಗ ಅವಮಾನವಾಗಿತ್ತು. ಚಟ್ಟಂಬಿ ಎಂದರೆ ಸಂತೆಯಲ್ಲಿ ಮುಂಡು ಮೇಲೆತ್ತಿ ಕಟ್ಟಿ, ಕುಡಿದು, ಕಂಡವರ ಕೊರಳಪಟ್ಟಿ ಹಿಡಿಯುವವನು. ನಾನಾದರೋ ಗಂಜಿಯ ನೀರು ಕಾದಿದೆಯೇ ಎಂದು ಬೆರಳದ್ದಿ ನೋಡುವ, ಸೊಂಟನೋವಿನ ಹೆಂಗಸು. ಹಾಸ್ಟೆಲಿನ ಮಕ್ಕಳಿಗೆ ಪಾಠ ಹೇಳಲು ಬರುತ್ತಿದ್ದ ವಯಸ್ಸಾದ ಮಲಯಾಳಂ ಮೇಷ್ಟರೊಬ್ಬರಿದ್ದರು, ಇಲ್ಲಿನವರು 'ಮಾಷ್' ಅನ್ನುತ್ತಾರೆ. ಅವರ ಹತ್ತಿರ ದೂರು ಹೇಳಿಕೊಂಡೆ. ಅವರು ಬೇಸರಪಟ್ಟುಕೊಳ್ಳಲಿಲ್ಲ, ಖುಷಿಪಟ್ಟರು. ಆ ಪದ ಮೊದಲು ಬೈಗುಳವೇ ಆಗಿರಲಿಲ್ಲವಂತೆ. ಹಿಂದಿನ ಕಾಲದ ಮಠದಂಥ ಪಾಠಶಾಲೆಗಳಲ್ಲಿ ಆಶಾನ್, ಅಂದರೆ ಗುರು, ಹೊರಗೆ ಹೋಗುವಾಗ ಚುರುಕಾದ ಒಬ್ಬ ಹುಡುಗನನ್ನು ಉಳಿದವರ ಮೇಲೆ ನೇಮಿಸಿ ಹೋಗುತ್ತಿದ್ದನಂತೆ. ಚಟ್ಟಂ ಎಂದರೆ ನಿಯಮ. ಅದನ್ನು ಕಾಯುವವನು, ತಪ್ಪಿದವರ ಕಿವಿ ಹಿಂಡುವವನು ಚಟ್ಟಂಬಿ. ಅದೊಂದು ಗೌರವ. ಹಾಗಿದ್ದರೆ ಅದು ರೌಡಿ ಆದದ್ದು ಹೇಗೆ ಎಂದು ಕೇಳಿದೆ. ಮಾಷ್ ನಶ್ಯದ ಡಬ್ಬಿ ಮುಚ್ಚುತ್ತಾ, ಆಶಾನ್ ಹೊರಗೆ ಹೋದ ಮೇಲೆ ಒಳಗೆ ಏನು ನಡೆಯಿತು ಅಂತ ಆ ಪದಕ್ಕೆ ಮಾತ್ರ ಗೊತ್ತು ಟೀಚರೇ, ಅಂದರು.

ನಮ್ಮ ಕನ್ನಡದ ಕಿವಿಗೆ ಈ ಪದದೊಳಗೆ ಬೇರೆಯದೇ ಕೇಳಿಸುತ್ತದೆ. ಚಟ್ಟ ಅಂದರೆ ನಮಗೆ ಬಿದಿರಿನದು, ನಾಲ್ಕು ಜನ ಹೊರುವುದು. ನಮ್ಮಮ್ಮ ಮಲಯಾಳವನ್ನು ನಮಗಿಂತ ಚೆನ್ನಾಗಿ ಆಡುತ್ತಿದ್ದಳು. ಆದರೂ ಈ ಒಂದು ಪದವನ್ನು ಮನೆಯೊಳಗೆ ಆಡಗೊಡುತ್ತಿರಲಿಲ್ಲ. ಅವಳ ಬಳಿ ಬೇರೆ ಪದವಿತ್ತು, ದೊಣ್ಣೆನಾಯಕ. ನಾನು ಎಂಟು ವರ್ಷದವಳಾಗಿದ್ದಾಗಲೇ ಆ ಪದವಿ ನನಗೆ ಸಿಕ್ಕಿತ್ತು.

ನಮ್ಮದು ಜೈನರ ಮನೆ. ಎಷ್ಟು ತಲೆಮಾರಿನ ಹಿಂದೆ ಘಟ್ಟದಾಚೆಯಿಂದ ಬಂದು ಇಲ್ಲಿ ಗದ್ದೆ ಮಾಡಿದರೋ ಹೇಳುವವರು ಈಗ ಯಾರೂ ಇಲ್ಲ. ಮನೆಯ ಕಾಫಿಗಿಡ, ಮೆಣಸಿನಬಳ್ಳಿ, ಮಾತು ಎಲ್ಲ ಮಲಯಾಳದ ನೆರಳಲ್ಲೇ ಬೆಳೆದವು. ಅಜ್ಜಿಯ ಅಡುಗೆಮನೆಗೆ ಮಾತ್ರ ಆ ನೆರಳು ಬಿದ್ದಿರಲಿಲ್ಲ. ನೀರು ಬಟ್ಟೆಯಲ್ಲಿ ಸೋಸಿಯೇ ಕುಡಿಯಬೇಕು. ಮಣ್ಣಿನೊಳಗೆ ಬೆಳೆಯುವ ಗೆಡ್ಡೆ ತಿನ್ನಬಾರದು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಈ ಮೂರನೆಯದನ್ನು ಕಾಯುವ ಕೆಲಸ ನನಗೆ ನಾನೇ ವಹಿಸಿಕೊಂಡಿದ್ದೆ. ಸಂಜೆ ಅಂಗಳದಲ್ಲಿ ನಿಂತು, ಎದುರಿನ ಗುಡ್ಡದ ಮೇಲೆ ಸೂರ್ಯ ಎಷ್ಟು ಉಳಿದಿದ್ದಾನೆ ಎಂದು ನೋಡಿ ಒಳಗೆ ಕೂಗಿ ಹೇಳುತ್ತಿದ್ದೆ. ಅರ್ಧ ಇದಾನೆ, ಬೇಗ ತಿನ್ನಿ. ಇನ್ನು ಒಂದು ಎಳೆ ಇದಾನೆ. ಗುಡ್ಡದ ಮೇಲೆ ಮೋಡ ಕವಿದ ದಿನ ನಾನು ಹೇಳಿದ್ದೇ ಲೆಕ್ಕ. ಒಮ್ಮೆ ತಮ್ಮ ಪಕ್ಕದ ಮನೆಯಲ್ಲಿ ಕತ್ತಲಾದ ಮೇಲೆ ಹಲಸಿನ ಚಿಪ್ಸ್ ತಿಂದದ್ದನ್ನು ಅವನ ಬಾಯಿ ಮೂಸಿ ಕಂಡುಹಿಡಿದು ಅಜ್ಜಿಗೆ ಒಪ್ಪಿಸಿದೆ. ಅಜ್ಜಿ ಅವನನ್ನು ಬಯ್ಯಲಿಲ್ಲ. ಅಮ್ಮ ನನ್ನನ್ನು ಬಯ್ದಳು, ನೀನ್ಯಾವ ದೊಣ್ಣೆನಾಯಕಿ ಅಂತ. ನನಗೆ ನಾಚಿಕೆಯಾಗಲಿಲ್ಲ. ಯಾರಾದರೂ ಒಬ್ಬರು ನೋಡಿಕೊಳ್ಳಬೇಕಲ್ಲ ಎನ್ನುವುದು ನನ್ನ ವಾದ. ಆ ವಾದವನ್ನು ಕಟ್ಟಿಕೊಂಡೇ ಬೆಳೆದೆ, ಅದನ್ನು ಕಟ್ಟಿಕೊಂಡೇ ಕೆಲಸಕ್ಕೆ ಸೇರಿದೆ.

ಹಾಸ್ಟೆಲಿನ ಊಟದ ಮನೆಯ ಗೋಡೆಯ ಮೇಲೆ ನನ್ನ ಕೈಬರಹದಲ್ಲಿ ಇಪ್ಪತ್ತಮೂರು ನಿಯಮ ತೂಗಾಡುತ್ತಿದ್ದವು. ಕೆಲವು ಸರಕಾರದ್ದು, ಹೆಚ್ಚಿನವು ನನ್ನವು. ತಲೆಗೆ ಎಣ್ಣೆ ಹಚ್ಚದೆ ಶಾಲೆಗೆ ಹೋಗಬಾರದು. ಬಚ್ಚಲಲ್ಲಿ ಬಕೆಟ್ಟುಗಳ ಹಿಡಿ ಒಂದೇ ದಿಕ್ಕಿಗಿರಬೇಕು. ದೀಪ ಆರಿದ ಮೇಲೆ ನಗಬಾರದು. ನಗಬಾರದು ಎಂಬುದನ್ನು ಬರೆದು ತೂಗುಹಾಕಿದವಳು ನಾನು. ಇದನ್ನು ಈಗ ಬರೆಯುವಾಗ ಯಾರಾದರೂ ಬಂದು ನನ್ನ ಕಿವಿ ಹಿಂಡಬಾರದೇ ಎನ್ನಿಸುತ್ತದೆ.

ಎಲ್ಲವೂ ಹೀಗೆ ಹುಚ್ಚಾಟದ ನಿಯಮಗಳಲ್ಲ. ಒಂದರ ಹಿಂದೆ ಕಾರಣವಿತ್ತು. ನಾನು ಸೇರಿದ ಎರಡನೇ ವರ್ಷ, ಚಿಕ್ಕಪ್ಪ ಎಂದು ಹೇಳಿಕೊಂಡು ಬಂದವನ ಜೊತೆ ಒಬ್ಬ ಹುಡುಗಿಯನ್ನು ಕಳಿಸಿದ್ದೆ. ಎರಡು ದಿನ ಅವಳ ಸುಳಿವಿರಲಿಲ್ಲ. ಕೊನೆಗೆ ನೋಡಿದರೆ ಯಾವುದೋ ಮದುವೆಗೆ ಹೋಗಿದ್ದಳು, ಹೂ ಮುಡಿದುಕೊಂಡು ನಗುತ್ತಾ ಬಂದಳು. ಆದರೆ ಆ ಎರಡು ದಿನ ನಾನು ಅನ್ನ ಮುಟ್ಟಿರಲಿಲ್ಲ. ವಿಚಾರಣೆಯಾಯಿತು, ನನಗೊಂದು ನೋಟಿಸೂ ಬಂತು. ಅಂದಿನಿಂದ ನಿಯಮ ಬಿಗಿಯಾಯಿತು. ಮಗುವನ್ನು ಸೇರಿಸುವಾಗ ರಿಜಿಸ್ಟರಿನಲ್ಲಿ ಯಾರ ಸಹಿ ಅಥವಾ ಹೆಬ್ಬೆಟ್ಟು ಇದೆಯೋ ಅವರೇ ಬರಬೇಕು. ಬೇರೆ ಯಾರೇ ಬಂದರೂ ಪಂಚಾಯ್ತಿ ಮೆಂಬರರ ಪತ್ರ ತರಬೇಕು. ಇದರಲ್ಲಿ ತಪ್ಪೇನಿದೆ? ಈಗಲೂ ಯಾರಾದರೂ ಹೊಸ ವಾರ್ಡನ್ ಕೇಳಿದರೆ ಇದೇ ನಿಯಮ ಮಾಡಿ ಎನ್ನುತ್ತೇನೆ.

ಬೊಳ್ಳಿ ಬಂದದ್ದು ಆ ನಿಯಮ ಹುಟ್ಟಿದ ವರ್ಷವೇ. ರಿಜಿಸ್ಟರಿನಲ್ಲಿ ಅವಳ ಹೆಸರು ಸಿಂಧು. ಹಿಂದಿನ ಶಾಲೆಯ ಯಾರೋ ಟೀಚರು ಇಟ್ಟ ಹೆಸರು. ಬೇಗೂರು ಕಾಡಿನೊಳಗಿನ ಹಾಡಿಯವಳು, ಕಾಟ್ಟುನಾಯ್ಕ ಬುಡಕಟ್ಟಿನ ಹುಡುಗಿ. ಅವರ ಮನೆಮಾತು ನಮ್ಮ ಕನ್ನಡದ ಹತ್ತಿರದ್ದೇ. ಬಂದ ಮೊದಲ ವಾರ ಯಾರೊಂದಿಗೂ ಮಾತಾಡದೆ, ಉಣ್ಣದೆ, ಕಿಟಕಿಯ ಸರಳು ಹಿಡಿದು ನಿಂತಿದ್ದಳು. ನಾನು ಹತ್ತಿರ ಹೋಗಿ ಕನ್ನಡದಲ್ಲಿ, ಯಾಕವ್ವ, ಹೊಟ್ಟೆ ಹಸಿಯಲ್ವಾ, ಎಂದೆ. ಅವಳು ತಿರುಗಿ ನೋಡಿದ ರೀತಿಯನ್ನು ಹೇಗೆ ಹೇಳಲಿ. ದಾರಿ ತಪ್ಪಿದ ಕರು ತಾಯಿಯ ಗಂಟೆ ಕೇಳಿದಾಗ ಹಾಗೆ ತಿರುಗುತ್ತದೆ.

ಆಮೇಲೆ ಭಾನುವಾರ ಮಧ್ಯಾಹ್ನಗಳಲ್ಲಿ ವರಾಂಡದಲ್ಲಿ ಕೂತು ಅವಳ ತಲೆ ಬಾಚುತ್ತಿದ್ದೆ. ಬೇರೆ ಮಕ್ಕಳಿಗೆ ಅರ್ಥವಾಗದ ಭಾಷೆಯಲ್ಲಿ ನಾವಿಬ್ಬರು ಹರಟುತ್ತಿದ್ದೆವು. ಅವಳು ಕಾಡಿನ ಸುದ್ದಿ ಹೇಳುತ್ತಿದ್ದಳು, ನಾನು ನಮ್ಮಜ್ಜಿಯ ಸುದ್ದಿ. ನಿಜ ಹೇಳಬೇಕೆಂದರೆ ಅವಳಿಗಿಂತ ಹೆಚ್ಚಾಗಿ ನನಗೇ ಆ ಭಾನುವಾರಗಳು ಬೇಕಾಗಿದ್ದವು. ಅಮ್ಮ ಹೋದ ಮೇಲೆ ದಿನವಿಡೀ ಕನ್ನಡ ಆಡುವವರು ನನಗೆ ಯಾರೂ ಉಳಿದಿರಲಿಲ್ಲ. ತಮ್ಮ ಆಗಲೇ ಗುಂಡ್ಲುಪೇಟೆ ಸೇರಿದ್ದ.

ಬೊಳ್ಳಿಗೆ ಅಪ್ಪ ಇರಲಿಲ್ಲ. ಅವ್ವ ವರ್ಷಕ್ಕೆ ಎರಡು ಸಲ ಬರುತ್ತಿದ್ದಳು. ಸಣ್ಣ ಹೆಂಗಸು, ಬರಿಗಾಲು. ರಿಜಿಸ್ಟರಿನಲ್ಲಿ ಇದ್ದದ್ದು ಅವಳ ಹೆಬ್ಬೆಟ್ಟು ಒಂದೇ. ಬರುವಾಗ ನನಗೆಂದು ಕಾಡುಗೆಣಸು ಅಗೆದು ಎಲೆಯಲ್ಲಿ ಸುತ್ತಿ ತರುತ್ತಿದ್ದಳು. ಮೊದಲ ಸಲ ನಾನು, ನಾವು ಗೆಡ್ಡೆ ತಿನ್ನುವುದಿಲ್ಲ ಎಂದೆ. ಮಣ್ಣಲ್ಲಿರೋದನ್ನ ತಿನ್ನಲ್ವಾ ಎಂದು ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಮಗಳ ಕಡೆ ತಿರುಗಿ, ಟೀಚರಿಗೆ ಹೊಟ್ಟೆ ತುಂಬಾ ಕೊಡ್ತಾರಾ ಇಲ್ಲಿ, ಎಂದು ಕೇಳಿದಳು. ಅದನ್ನು ನೆನೆದು ನಾನೂ ಲೀಲಚೇಚಿಯೂ ಎಷ್ಟೋ ದಿನ ನಕ್ಕೆವು. ಮುಂದಿನ ಸಲವೂ ಅವಳು ಗೆಣಸನ್ನೇ ತಂದಳು. ನಾನು ಅದನ್ನು ಅಡುಗೆಮನೆಗೆ ಕೊಟ್ಟೆ. ಒಂದು ತುಂಡನ್ನಾದರೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ಬೊಳ್ಳಿ ಎಂಟನೇ ತರಗತಿಯಲ್ಲಿದ್ದ ವರ್ಷ, ಕರ್ಕಾಟಕ ಮಾಸದ ಮಳೆ ಹಿಡಿದಿತ್ತು. ನಮ್ಮ ಆಷಾಢ ಅನ್ನಿ. ಒಂದು ಗುರುವಾರ ಬೆಳಿಗ್ಗೆ ಗೇಟಿನ ಹತ್ತಿರ ಯಾರೋ ಬಂದಿದ್ದಾರೆ ಎಂದರು. ಕೊಡೆ ಹಿಡಿದು ಹೋದೆ. ಪ್ಲಾಸ್ಟಿಕ್ ಹಾಳೆ ಹೊದ್ದ ಒಬ್ಬ ಗಂಡಸು. ಹೆಸರು ಕರಿಯ, ಬೊಳ್ಳಿಯ ಅವ್ವನ ತಮ್ಮ. ಅಕ್ಕನಿಗೆ ಜ್ವರ ಏರಿದೆ, ಎದ್ದು ಕೂರಲಾರಳು, ಹುಡುಗಿಯನ್ನು ನೋಡಬೇಕು ಅಂತಾಳೆ, ಎಂದ. ನಾನು ರಿಜಿಸ್ಟರ್ ತರಿಸಿ ನೋಡಿದೆ. ಅವನ ಹೆಸರಿಲ್ಲ. ತಾಯಿಯೇ ಬರಬೇಕು, ಇಲ್ಲವೇ ಮೆಂಬರರ ಪತ್ರ ತರಬೇಕು ಎಂದು ವಿವರಿಸಿದೆ. ಒರಟಾಗಿ ಹೇಳಲಿಲ್ಲ. ಅವನು ಎಲ್ಲಕ್ಕೂ ತಲೆಯಾಡಿಸಿದ. ನಾನು ಒಳಗೆ ಬಂದೆ. ಏಳಲಾರದ ತಾಯಿಯೇ ಬರಬೇಕು ಎಂದು ಹೇಳಿ ಬಂದಿದ್ದೇನೆ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಬೊಳ್ಳಿ ಮೆಟ್ಟಿಲ ಹತ್ತಿರ ಕಾಯುತ್ತಿದ್ದಳು. ಮೇಲಿನ ಕಿಟಕಿಯಿಂದ ಮಾವನನ್ನು ಕಂಡಿರಬೇಕು. ಉಳಿದ ಮಕ್ಕಳು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದರು. ಭಾನುವಾರದ ವರಾಂಡ ಬಿಟ್ಟರೆ ಬೇರೆಲ್ಲೂ ನನ್ನ ಹತ್ತಿರ ಕನ್ನಡ ಆಡದಿದ್ದವಳು ಆ ದಿನ ಎಲ್ಲರ ಎದುರು ಆಡಿದಳು.

"ಟೀಚರೇ, ಅವ್ವಂಗೆ ಸುಖ ಇಲ್ಲ. ನಾನು ಹೋಗಿ ನೋಡ್ಕಂಡು ನಾಳೀಕೇ ಬತ್ತೀನಿ."

ಸುಖ ಇಲ್ಲ ಎಂದರೆ ಇಲ್ಲಿನ ಮಾತಿನಲ್ಲಿ ಮೈ ಸರಿಯಿಲ್ಲ ಎಂದರ್ಥ. ನನಗದು ಗೊತ್ತು. ಸುತ್ತ ಮಕ್ಕಳು ನಿಂತು ನೋಡುತ್ತಿದ್ದರು. ಇವಳಿಗೊಂದು, ನಮಗೊಂದು ಅಂತ ನಾಳೆ ಹೇಳಬಾರದಲ್ಲ. ನಾನು ಮಲಯಾಳದಲ್ಲಿ ಉತ್ತರಿಸಿದೆ. "ಚಟ್ಟಂ ಚಟ್ಟಮಾಣ್, ಮೋಳೇ." ನಿಯಮ ಅಂದರೆ ನಿಯಮ, ಮಗಳೇ.

ಮಗಳೇ ಎಂದು ಸೇರಿಸಿದ್ದೇಕೆ ಎಂದು ನನಗೆ ಈಗಲೂ ಗೊತ್ತಿಲ್ಲ. ಅವಳು ಚೀಲ ತಗೊಂಡು ಸಾಲಿನಲ್ಲಿ ನಿಂತು ಶಾಲೆಗೆ ಹೋದಳು.

ನಾನೇ ಅವಳನ್ನು ಕರೆದುಕೊಂಡು ಹೋಗಿ ಬರಬಹುದಿತ್ತು. ಬೇಗೂರಿಗೆ ಎರಡು ಬಸ್ಸು ಬದಲಾಯಿಸಬೇಕು, ಅಷ್ಟೇ. ಆದರೆ ವಾರ್ಡನ್ ಮೇಲಿನವರ ಅನುಮತಿ ಇಲ್ಲದೆ ಹಾಸ್ಟೆಲು ಬಿಡಬಾರದು ಎಂದು ಇನ್ನೊಂದು ನಿಯಮವಿತ್ತು. ಶುಕ್ರವಾರ ಸುಮ್ಮನೆ ಕಳೆಯಿತು. ಬೊಳ್ಳಿ ಉಂಡಳು, ಓದಿದಳು, ಬಕೆಟ್ಟಿನ ಹಿಡಿಯನ್ನು ಸರಿಯಾದ ದಿಕ್ಕಿಗೆ ತಿರುಗಿಸಿ ಇಟ್ಟಳು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಕರಿಯ ಮತ್ತೆ ಬಂದ. ಅದೇ ಪ್ಲಾಸ್ಟಿಕ್ ಹಾಳೆ. ಅಂಗಿಯ ಒಳಗಿನಿಂದ, ನೆನೆಯದಂತೆ ಇನ್ನೊಂದು ಕವರಿನಲ್ಲಿ ಸುತ್ತಿದ್ದ ಕಾಗದ ತೆಗೆದು ಕೊಟ್ಟ. ಮೆಂಬರರ ಪತ್ರ. ಸಹಿ, ಮೊಹರು, ಹುಡುಗಿಯ ಹೆಸರು, ಸಂಬಂಧ, ಎಲ್ಲವೂ ಇತ್ತು. ನಾನು ಎಂದಿನಂತೆ ಮೊದಲಿನಿಂದ ಕೊನೆಯವರೆಗೆ ಓದಿದೆ. ಸರಿ ಇದೆ, ಕಳಿಸ್ತೀನಿ, ಎಂದೆ. ಅಕ್ಕ ಹೇಗಿದ್ದಾಳೆ ಎಂದು ಆಮೇಲೆ ಕೇಳಿದೆ.

"ನೆನ್ನೆ ಸಂಜೆ ಹೋದ್ಲು," ಎಂದ. "ಮೆಂಬರು ಇವತ್ತು ಸಿಕ್ಕಿದ್ರು. ಪೇಪರ್ ಇಲ್ದಿದ್ರೆ ಈಗ್ಲೂ ಕಳಿಸಲ್ಲ ಅಂತ ಬರೆಸ್ಕೊಂಡು ಬಂದೆ."

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಬಹುಶಃ ನನಗೆ ಸಹಿಸುವುದು ಸುಲಭವಾಗುತ್ತಿತ್ತು. ಅಕ್ಕನ ಹೆಣ ಹಾಡಿಯಲ್ಲಿಟ್ಟು, ಮಳೆಯಲ್ಲಿ ಮೆಂಬರರ ಮನೆ ಹುಡುಕಿಕೊಂಡು ಹೋಗಿ, ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ತಂದಿದ್ದ. ಚಟ್ಟ ಎಂಬ ಪದವನ್ನು ನಮ್ಮಮ್ಮ ಯಾಕೆ ಮನೆಯೊಳಗೆ ಬಿಡುತ್ತಿರಲಿಲ್ಲ ಎಂದು ಆ ಕಾಗದ ಹಿಡಿದು ನಿಂತಾಗ ನನಗೆ ಅರ್ಥವಾಯಿತು.

ಆ ದಿನ ನಾನು ಯಾರ ಅನುಮತಿಯನ್ನೂ ಕೇಳಲಿಲ್ಲ. ಬಾಡಿಗೆ ಜೀಪು ತರಿಸಿ ಬೊಳ್ಳಿಯನ್ನೂ ಕರಿಯನನ್ನೂ ಕೂರಿಸಿಕೊಂಡು ಹೊರಟೆ. ಉಪಯೋಗಕ್ಕೆ ಬಾರದ ಹೊತ್ತಿನಲ್ಲಿ ನಿಯಮ ಮುರಿಯುವುದು ಎಷ್ಟು ಸಲೀಸು ನೋಡಿ.  ಬೊಳ್ಳಿಗೆ ವಿಷಯ ಹೇಳಿದವರು ಯಾರು ಎಂದು ನನಗೆ ತಿಳಿಯದು, ನಾನಂತೂ ಹೇಳಲಿಲ್ಲ. ಹಾಡಿಯಲ್ಲಿ ಅವಳಿಗಾಗಿ ಕಾದಿದ್ದರು. ಗುಂಡಿ ತೋಡಿ ಆಗಿತ್ತು, ಅದರಲ್ಲಿ ತುಂಬುತ್ತಿದ್ದ ನೀರನ್ನು ಇಬ್ಬರು ಮೊಗೆಮೊಗೆದು ಚೆಲ್ಲುತ್ತಿದ್ದರು. ಬೊಳ್ಳಿ ಅವ್ವನ ಪಕ್ಕ ಕೂತು ಅವಳ ಪಾದವನ್ನು ಲಂಗದ ಅಂಚಿನಿಂದ ಒರೆಸಿದಳು. ಮತ್ತೆ ಒರೆಸಿದಳು. ನಾನು ದೂರ ನಿಂತಿದ್ದೆ. ಯಾರೋ ಒಬ್ಬಳು ಮುದುಕಿ ಬಂದು, ಕೂತ್ಕೊಳ್ಳಿ ಎಂದು ಒಂದು ಮರದ ತುಂಡನ್ನು ನನ್ನ ಕಡೆ ಸರಿಸಿದಳು. ನಾನು ಕೂತೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಬೊಳ್ಳಿ ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಇಪ್ಪತ್ತು ದಿನ ಕಳೆದ ಮೇಲೆ ಬಂದಳು. ಕರಿಯ ಗೇಟಿನವರೆಗೆ ಬಿಟ್ಟು ಹೋದ. ಅಲ್ಲಿಂದ ಹತ್ತನೇ ತರಗತಿ ಮುಗಿಯುವವರೆಗೆ ಆ ಹುಡುಗಿ ಒಂದೇ ಒಂದು ನಿಯಮ ಮುರಿಯಲಿಲ್ಲ. ಗಂಟೆ ಹೊಡೆಯುವ ಮೊದಲೇ ಎದ್ದಿರುತ್ತಿದ್ದಳು. ದೀಪ ಆರಿದ ಮೇಲೆ ನಗುವ ಗುಂಪಿನಲ್ಲಿ ಅವಳ ದನಿ ಇರುತ್ತಿರಲಿಲ್ಲ. ಭಾನುವಾರ ನಾನು ಬಾಚಣಿಗೆ ಹಿಡಿದು ಕರೆದರೆ, ತಾನೇ ಬಾಚಿಕೊಂಡಿದ್ದೇನೆ ಎಂದು ಮಲಯಾಳದಲ್ಲಿ ವಿನಯವಾಗಿ ಹೇಳುತ್ತಿದ್ದಳು. ಕನ್ನಡದಲ್ಲಿ ಏನೇ ಕೇಳಿದರೂ ಉತ್ತರ ಮಲಯಾಳದಲ್ಲೇ. ನಾನು ಆ ಗೋಡೆಯ ಪಟ್ಟಿಯನ್ನು ಒಂದು ದಿನ ಇಳಿಸಿಬಿಟ್ಟೆ. ಮಕ್ಕಳಿಗೆ ಏನೂ ವ್ಯತ್ಯಾಸವಾಗಲಿಲ್ಲ, ಇಪ್ಪತ್ತಮೂರೂ ಅವರಿಗೆ ಬಾಯಿಪಾಠವಾಗಿದ್ದವು.

ಹೀಗೆ ಆದದ್ದನ್ನು ನಾನು ಇಪ್ಪತ್ತೈದು ವರ್ಷ ನನ್ನದೇ ರೀತಿಯಲ್ಲಿ ಹೇಳಿಕೊಂಡು ಬಂದೆ. ತಪ್ಪು ನಿಯಮದ್ದು, ನನ್ನದು ಅದನ್ನು ಕಾದ ತಪ್ಪು. ನೋವು ಇತ್ತು. ಆದರೆ ಆ ನೋವಿಗೆ ಒರಗಿಕೊಳ್ಳಲು ಒಂದು ಗೋಡೆಯೂ ಇತ್ತು.

ಎರಡು ವರ್ಷದ ಹಿಂದೆ ಕಲ್ಪೆಟ್ಟಕ್ಕೆ ಹೋಗಿದ್ದೆ. ಪಿಂಚಣಿಯವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಎಂದು ತೋರಿಸಿ ಬರಬೇಕು. ನಾನು ಬದುಕಿರುವುದನ್ನು ಯಂತ್ರದ ಮೇಲೆ ಬೆರಳಿಟ್ಟು ರುಜುವಾತು ಮಾಡಿ ಹೊರಗೆ ಬಂದಾಗ, ಸಿವಿಲ್ ಸ್ಟೇಷನ್ನಿನ, ಅಂದರೆ ಜಿಲ್ಲಾ ಕಚೇರಿಯ, ವರಾಂಡದಲ್ಲಿ ಒಬ್ಬ ಹೆಂಗಸು ಫೈಲು ಹಿಡಿದು ನಿಂತಿದ್ದಳು. ಕೊರಳಲ್ಲಿ ಗುರುತಿನ ಚೀಟಿ, ಜೊತೆಗೆ ಇಬ್ಬರು ಮುದುಕಿಯರು. ಅವರಿಬ್ಬರಿಗೂ ಮೊದಲು ನೆರಳಲ್ಲಿ ಜಾಗ ಮಾಡಿ ಕೂರಿಸಿ, ನೀರಿನ ಬಾಟಲಿ ಕೈಗೆ ಕೊಟ್ಟು, ಆಮೇಲೆ ಸಾಲಿಗೆ ಹೋದಳು. ನನ್ನನ್ನು ಗುರುತಿಸಿದವಳು ಅವಳೇ. ಟೀಚರಲ್ವಾ ಎಂದಳು. ಬೊಳ್ಳಿ. ಹಾಡಿಗಳ ಜನರನ್ನು ಆಸ್ಪತ್ರೆಗೆ, ಕಚೇರಿಗೆ ಕರೆದೊಯ್ಯುವ ಪ್ರಮೋಟರ್ ಕೆಲಸ ಮಾಡುತ್ತಿದ್ದಾಳಂತೆ. ಎರಡು ಮಕ್ಕಳಂತೆ.

ಅವಳ ಸರದಿ ಬರಲು ಹೊತ್ತಿತ್ತು. ನಾವು ಕಂಬದ ಪಕ್ಕ ನಿಂತೆವು. ಎಷ್ಟೋ ವರ್ಷ ಬಾಯಲ್ಲಿ ಉರುಳಾಡಿಸಿ ಇಟ್ಟುಕೊಂಡಿದ್ದ ಮಾತನ್ನು ಕನ್ನಡದಲ್ಲಿ ಹೇಳಿದೆ. ಆ ಗುರುವಾರ ನಿನ್ನನ್ನು ಕಳಿಸಬೇಕಿತ್ತು ಬೊಳ್ಳಿ, ಆ ನಿಯಮ ಹಾಳಾಗಿ ಹೋಗಲಿ, ನಾನು ಅದಕ್ಕೆ ಕಟ್ಟುಬಿದ್ದೆ, ಎಂದೆ.

ಅವಳು ಹೇಳಿದ್ದೆಲ್ಲ ಮಲಯಾಳದಲ್ಲಿ. ಇಲ್ಲಿ ನಾನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

"ನಿಯಮದ ಮೇಲೆ ನನಗೆ ಸಿಟ್ಟಿಲ್ಲ ಟೀಚರೇ. ನಾನೂ ಈಗ ಹಾಗೇ ಮಾಡ್ತೀನಿ, ಗುರುತಿಲ್ಲದವರ ಜೊತೆ ಮಕ್ಕಳನ್ನ ಕಳಿಸೋದಿಲ್ಲ. ಆದರೆ ಮಾವ ಗೇಟಿನ ಹೊರಗೆ ಮಳೆಯಲ್ಲೇ ನಿಂತಿದ್ದ. ನಾನು ಶಾಲೆಗೆ ಹೋಗುವಾಗಲೂ ನಿಂತಿದ್ದ, ಮಧ್ಯಾಹ್ನ ಊಟಕ್ಕೆ ಬಂದಾಗಲೂ ನಿಂತಿದ್ದ. ನೀವು ಮನಸ್ಸು ಬದಲಾಯಿಸಬಹುದು ಅಂತ ಕಾದಿದ್ದನಂತೆ. ವರಾಂಡದಲ್ಲಿ ಎರಡು ಬೆಂಚು ಇದ್ವಲ್ಲ. ಒಳಗೆ ಬಾ, ಕೂತ್ಕೋ ಅಂತ ನೀವು ಒಂದು ಮಾತು ಹೇಳಲಿಲ್ಲ."

ಅಷ್ಟರಲ್ಲಿ ಅವಳ ನಂಬರು ಕೂಗಿದರು. ಅವಳು ಹೋದಳು.

ಹೊರಗಿನವರನ್ನು ವರಾಂಡದಲ್ಲಿ ಕೂರಿಸಬಾರದು ಎಂದು ನಾನು ಎಲ್ಲೂ ಬರೆದಿರಲಿಲ್ಲ. ಸರಕಾರವೂ ಬರೆದಿರಲಿಲ್ಲ. ಎರಡು ಬಸ್ಸು ಹತ್ತಿ ಇಳಿದು ನೆನೆದುಕೊಂಡು ಬಂದವನಿಗೆ ಒಂದು ಲೋಟ ಬಿಸಿನೀರು ಕೊಡಲು ಯಾವ ರಿಜಿಸ್ಟರನ್ನೂ ತೆರೆಯಬೇಕಿರಲಿಲ್ಲ. ಇಪ್ಪತ್ತೈದು ವರ್ಷ ನನ್ನ ನೆನಪಿನಲ್ಲಿ ಆ ಮನುಷ್ಯ ತಲೆಯಾಡಿಸಿ ಹೊರಟು ಹೋಗಿದ್ದ. ನಾನು ತಿರುಗಿ ಬಂದದ್ದರಿಂದ ಅವನೂ ಹೋದ ಎಂದುಕೊಂಡಿದ್ದೆ. ಕಂಬದ ಹತ್ತಿರವೇ ಕಾದೆ. ಬೊಳ್ಳಿ ಕೆಲಸ ಮುಗಿಸಿ ಹೊರಬಂದಾಗ, ಕರಿಯ ಇದ್ದಾನೆಯೇ ಎಂದು ಕೇಳಿದೆ. ಇದ್ದಾನೆ, ಕಣ್ಣು ಮಂಜು, ಎಂದಳು. ಹೋಗಿ ನೋಡಬಹುದೇ ಎಂದೆ. ಅವಳು ನನ್ನ ಮುಖ ನೋಡಿ, ಭಾನುವಾರ ನನಗೆ ರಜೆ, ಎಂದಳು.

ಆ ಭಾನುವಾರ ಮಾನಂದವಾಡಿಯಿಂದ ಕುಟ್ಟದ ಬಸ್ಸು ಹತ್ತಿ ಬೇಗೂರಿನಲ್ಲಿ ಇಳಿದೆ. ಬೊಳ್ಳಿ ರಸ್ತೆಗೆ ಬಂದು ನಿಂತಿದ್ದಳು. ಆನೆ ಬರದಂತೆ ಎಳೆದ ತಂತಿಬೇಲಿಯ ಪಕ್ಕದ ಕಾಲುದಾರಿಯಲ್ಲಿ ಅವಳು ಮುಂದೆ, ನಾನು ಹಿಂದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ, ಪರೀಕ್ಷೆಗೆ ಹೋಗುವ ಹುಡುಗಿಯ ಹಾಗೆ. ಅವನು ಬಯ್ದರೆ ಕೇಳಿಸಿಕೊಳ್ಳಬೇಕು. ಮುಖ ತಿರುಗಿಸಿದರೆ ಕಾಯಬೇಕು. ಕ್ಷಮಿಸಿಬಿಟ್ಟರೆ ಏನು ಮಾಡಬೇಕು ಎನ್ನುವುದನ್ನೂ ಯೋಚಿಸಿದ್ದೆ, ಸುಳ್ಳೇಕೆ ಹೇಳಲಿ.

ಕರಿಯ ಮನೆಯ ಮುಂದೆ ಬಿಸಿಲಿಗೆ ಗೋಡೆಗೊರಗಿ ಕುಳಿತಿದ್ದ. ಮೊಣಕಾಲು ಎದೆಗೆ ಮುಟ್ಟುವಷ್ಟು ಮುದುಡಿದ್ದ. ನಾನು ಎದುರಿಗೆ ನೆಲದ ಮೇಲೆ ಕೂತು, ಜೋಡಿಸಿಕೊಂಡಿದ್ದ ಮಾತನ್ನು ಹೇಳಿದೆ.  ಅವನು ಕಿವಿ ನನ್ನ ಕಡೆ ಮಾಡಿ ಪೂರ್ತಿ ಕೇಳಿದ. ಕೇಳಿ, ಯಾವ ಟೀಚರು, ಎಂದು ಬೊಳ್ಳಿಯನ್ನು ವಿಚಾರಿಸಿದ. ಅವಳು ತಮ್ಮ ಮಾತಿನಲ್ಲಿ, ಅವ್ವ ಹೋದಾಗ ನಾನಿದ್ದ ಹಾಸ್ಟೆಲಿನವರು, ನೀನು ಗೇಟಿನ ಹತ್ರ ನಿಂತಿದ್ಯಲ್ಲ, ಎಂದು ನೆನಪು ಮಾಡಿದಳು. ಅಕ್ಕ ಹೋದದ್ದು ಅವನಿಗೆ ನೆನಪಿತ್ತು. ಮಳೆ ನೆನಪಿತ್ತು, ಗುಂಡಿಯಲ್ಲಿ ನೀರು ನಿಂತದ್ದು ನೆನಪಿತ್ತು. ಗೇಟಿನ ವಿಷಯಕ್ಕೆ ಬಂದಾಗ ಬಹಳ ಹೊತ್ತು ಹುಬ್ಬು ಗಂಟಿಕ್ಕಿ ಯೋಚಿಸಿದ.

"ಆಸ್ಪತ್ರೆ, ಪಂಚಾಯ್ತಿ, ಫಾರೆಸ್ಟು... ಎಷ್ಟೋ ಗೇಟಿನ್ ಮುಂದೆ ನಿಂತಿವ್ನಿ ಕನವ್ವ," ಎಂದ. "ನಿಮ್ದು ಯಾವ್ದು ಅಂತ ಗ್ಯಾನಕ್ಕೇ ಬತ್ತಾ ಇಲ್ಲ."

ಅದನ್ನು ಹೇಳುವಾಗ ಅವನ ದನಿಯಲ್ಲಿ ಸಂಕೋಚವಿತ್ತು. ಇಷ್ಟು ದೂರದಿಂದ ಬಂದವಳ ಗುರುತು ಸಿಗದೆ ಹೋಯಿತಲ್ಲ, ಅವಳಿಗೆ ಬೇಜಾರಾಗಬಹುದು ಎನ್ನುವ ಹಾಗೆ.